ಇಮಿಗ್ರೇಷನ್ ಕೇಸಿನಲ್ಲಿ ಸೈಕಾಲಜಿಸ್ಟ್‌ಗೆ ಏನು ಕೆಲಸ?

ಅಮೆರಿಕದಲ್ಲಿ ಇಮಿಗ್ರೇಷನ್ ಕೇಸು ನಡೆಯುತ್ತಿರುವಾಗ ಲಾಯರ್ ಒಂದು ದಿನ ಇದ್ದಕ್ಕಿದ್ದಂತೆ ಹೇಳುತ್ತಾರೆ: "ಒಂದು ಸೈಕಲಾಜಿಕಲ್ ಇವ್ಯಾಲ್ಯುಯೇಷನ್ ಮಾಡಿಸಿಬಿಡಿ." ಕೇಳಿದವರು ಬೆಚ್ಚಿಬೀಳುತ್ತಾರೆ. ನನಗೇನು ತಲೆ ಕೆಟ್ಟಿದೆಯಾ? ಹಾಗಂತ ಯಾರೋ ಬರೆದುಕೊಟ್ಟರೆ ಗ್ರೀನ್ ಕಾರ್ಡ್ ಸಿಗುತ್ತದೋ, ಸಿಗುವುದೂ ತಪ್ಪಿಹೋಗುತ್ತದೋ? ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ?

ಈ ಗಾಬರಿ ಸಹಜವೇ. ಫಾರ್ಮು, ಫೀಸು, ಬೆರಳಚ್ಚು, ಇಂಟರ್‌ವ್ಯೂ ಇವೆಲ್ಲ ಜನಕ್ಕೆ ಅಷ್ಟಿಷ್ಟು ಗೊತ್ತು. ಇದರ ನಡುವೆ ಮನಸ್ಸಿನ ಪರೀಕ್ಷೆ ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಲಾಯರ್‌ಗೆ ಪುರುಸೊತ್ತಿಲ್ಲ, ಕಕ್ಷಿದಾರರಿಗೆ ಕೇಳಲು ಸಂಕೋಚ. ಹಾಗಾಗಿ ಬುಡದಿಂದಲೇ ನೋಡೋಣ.

## ಮೊದಲು, ಇದು ಏನು

ಲೈಸೆನ್ಸ್ ಇರುವ ಮನಃಶಾಸ್ತ್ರಜ್ಞರೋ ಮನೋವೈದ್ಯರೋ ಒಬ್ಬ ವ್ಯಕ್ತಿಯ ಜೊತೆ ಕೂತು ವಿವರವಾಗಿ ಮಾತಾಡುತ್ತಾರೆ. ಕೆಲವು ಪ್ರಶ್ನಾವಳಿ ತುಂಬಿಸುತ್ತಾರೆ. ಹಳೆಯ ಆಸ್ಪತ್ರೆ ಕಾಗದ, ಪೊಲೀಸ್ ವರದಿ ಇದ್ದರೆ ಓದುತ್ತಾರೆ. ಆಮೇಲೆ ಒಂದು ಲಿಖಿತ ವರದಿ ಕೊಡುತ್ತಾರೆ. ಅದು ಕೇಸಿನ ಕಡತಕ್ಕೆ ಸಾಕ್ಷ್ಯವಾಗಿ ಸೇರುತ್ತದೆ.

ಅದನ್ನು ಓದುವವರು ಯಾರು? ಅರ್ಜಿ ಯುಎಸ್‌ಸಿಐಎಸ್ ಮುಂದೆ, ಅಂದರೆ ವೀಸಾ, ಗ್ರೀನ್ ಕಾರ್ಡ್, ಪೌರತ್ವದ ಅರ್ಜಿ ನೋಡುವ ಸರ್ಕಾರಿ ಇಲಾಖೆಯ ಮುಂದೆ ಇದ್ದರೆ ಅಲ್ಲಿನ ಅಧಿಕಾರಿ. ಗಡೀಪಾರಿನ ಕೇಸು ಇಮಿಗ್ರೇಷನ್ ಕೋರ್ಟಿನಲ್ಲಿ ಇದ್ದರೆ ಅಲ್ಲಿನ ಜಡ್ಜ್. ಇಬ್ಬರೂ ಮನಸ್ಸಿನ ಡಾಕ್ಟರುಗಳಲ್ಲ. ಎದುರಿಗೆ ಕೂತವರ ಸಂಕಟ ಎಷ್ಟು ಆಳದ್ದು ಅನ್ನುವುದನ್ನು ಅವರು ತಾವೇ ಅಳೆಯಲಾರರು. ಆ ಅಳತೆಗೆ ಬೇಕಾದದ್ದು ಈ ವರದಿ.

ಮನೆಯ ಗೋಡೆ ಬಿರುಕುಬಿಟ್ಟು, ಪಕ್ಕದವರು ಪಾಯ ಅಗೆದದ್ದೇ ಕಾರಣ ಅಂತ ದಾವೆ ಹೂಡಿದರೆ ಏನಾಗುತ್ತದೆ ನೋಡಿ. ಒಬ್ಬ ಎಂಜಿನಿಯರ್ ಬಂದು ಬಿರುಕು ನೋಡುತ್ತಾರೆ. ಎಷ್ಟು ಆಳ, ಹಳೆಯದೋ ಹೊಸದೋ, ಪಾಯ ಅಗೆದದ್ದಕ್ಕೂ ಇದಕ್ಕೂ ಹೊಂದುತ್ತದೆಯೋ ಇಲ್ಲವೋ, ಹೀಗೇ ಬಿಟ್ಟರೆ ಗೋಡೆ ಉಳಿಯುತ್ತದೆಯೋ ಅಂತ ಬರೆದುಕೊಡುತ್ತಾರೆ. ಕೇಸು ಯಾರು ಗೆಲ್ಲಬೇಕು ಅಂತ ಹೇಳುವುದಿಲ್ಲ. ಇಮಿಗ್ರೇಷನ್ ಕೇಸಿನ ಮನಃಶಾಸ್ತ್ರಜ್ಞರ ಕೆಲಸವೂ ಇಷ್ಟೇ. "ಇವರಿಗೆ ಗ್ರೀನ್ ಕಾರ್ಡ್ ಕೊಡಿ" ಅಂತ ಅವರು ಬರೆದರೆ ವರದಿಯ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಇದನ್ನು ಎರಡು ವಿಷಯಗಳ ಜೊತೆ ಬೆರೆಸಿಕೊಳ್ಳುವವರು ಜಾಸ್ತಿ. ಒಂದು, ಥೆರಪಿ. ಥೆರಪಿಯ ಗುರಿ ನಿಮ್ಮ ಚೇತರಿಕೆ, ಅದು ತಿಂಗಳುಗಟ್ಟಲೆ ನಡೆಯುತ್ತದೆ. ಇವ್ಯಾಲ್ಯುಯೇಷನ್ ಒಂದು ಕಾನೂನಿನ ಪ್ರಶ್ನೆಗೆ ಉತ್ತರ, ಕೆಲವೇ ಭೇಟಿಗಳಲ್ಲಿ ಮುಗಿಯುತ್ತದೆ. ಎರಡನೆಯದು, ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಕೊಡುವ ಐ-693 ಮೆಡಿಕಲ್. ಅದನ್ನು ಸರ್ಕಾರ ಗೊತ್ತುಮಾಡಿದ ಸಿವಿಲ್ ಸರ್ಜನ್ ಮಾಡುತ್ತಾರೆ. ಲಸಿಕೆ, ಕ್ಷಯ, ಇಂಥವನ್ನು ನೋಡುತ್ತಾರೆ. ಅದು ಸರ್ಕಾರ ಕೇಳುವ ತಪಾಸಣೆ. ನಾವು ಮಾತಾಡುತ್ತಿರುವುದು ಅರ್ಜಿದಾರರೇ ತಮ್ಮ ಪರವಾಗಿ ಸಲ್ಲಿಸುವ ಸಾಕ್ಷ್ಯ. ಇದು ಬಹುತೇಕ ಕೇಸುಗಳಲ್ಲಿ ಕಡ್ಡಾಯವಲ್ಲ.

## ಯಾರ ಮನಸ್ಸು?

ಇಲ್ಲೇ ಹೆಚ್ಚಿನವರು ಎಡವುವುದು. ಕೇಸು ಯಾರದ್ದೋ ಅವರ ಮನಸ್ಸನ್ನೇ ನೋಡುತ್ತಾರೆ ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ಕಾನೂನು ಕೇಳುವ ಪ್ರಶ್ನೆ ಕೇಸಿನಿಂದ ಕೇಸಿಗೆ ಬದಲಾಗುತ್ತದೆ. ಪ್ರಶ್ನೆಯ ಜೊತೆಗೆ ಪರೀಕ್ಷೆಗೆ ಕೂರುವವರೂ ಬದಲಾಗುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆ. ಗಂಡ ವೀಸಾ ಅವಧಿ ಮುಗಿದ ಮೇಲೂ ಎರಡು ವರ್ಷ ಅಮೆರಿಕದಲ್ಲೇ ಉಳಿದಿದ್ದ. ಹೆಂಡತಿ ಅಮೆರಿಕದ ಪ್ರಜೆ. ಗಂಡ ದೇಶ ಬಿಟ್ಟು ಹೋದರೆ ಮತ್ತೆ ಬರಲು 10 ವರ್ಷ ಕಾಯಬೇಕು. 1996ರ ಕಾನೂನು ತಂದ ನಿಯಮ ಇದು: ಅಕ್ರಮವಾಗಿ ಇದ್ದದ್ದು 180 ದಿನ ದಾಟಿ ಒಂದು ವರ್ಷದ ಒಳಗಿದ್ದರೆ 3 ವರ್ಷದ ತಡೆ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ 10 ವರ್ಷದ ತಡೆ. ಈ ತಡೆಯಿಂದ ವಿನಾಯಿತಿ ಕೇಳಲು ಐ-601 ಮತ್ತು ಐ-601ಎ ಅನ್ನುವ ಅರ್ಜಿಗಳಿವೆ. ಎರಡನೆಯದು 2013ರಲ್ಲಿ ಬಂತು. ಅದನ್ನು ದೇಶ ಬಿಡುವ ಮೊದಲೇ ಹಾಕಬಹುದು.

ವಿನಾಯಿತಿ ಸಿಗಬೇಕಾದರೆ "ವಿಪರೀತ ಕಷ್ಟ" ತೋರಿಸಬೇಕು. ಕಷ್ಟ ಯಾರಿಗೆ? ಗಂಡನಿಗಲ್ಲ. ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆದ ಅವನ ಹೆಂಡತಿಗೆ, ಅಥವಾ ತಂದೆ ತಾಯಿಗೆ. ಹಾಗಾಗಿ ಪರೀಕ್ಷೆಗೆ ಕೂರುವವಳು ಹೆಂಡತಿ! ಗಂಡ ಎಷ್ಟೇ ಕುಸಿದುಹೋಗಿದ್ದರೂ ಆ ಸಂಕಟ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದರಿಂದ ಹೆಂಡತಿಗೆ ಏನಾಗುತ್ತದೆ ಅನ್ನುವುದು ಮಾತ್ರ ಬರುತ್ತದೆ.

ಇನ್ನೂ ವಿಚಿತ್ರ ಅಂದರೆ, ಈ ಅರ್ಜಿಯಲ್ಲಿ ಮಕ್ಕಳು ನೇರ ಲೆಕ್ಕಕ್ಕಿಲ್ಲ. ಮಗು ಅಲ್ಲೇ ಹುಟ್ಟಿದ ಪ್ರಜೆಯಾಗಿದ್ದರೂ ಅಷ್ಟೇ. ಮಗುವಿಗೆ ಆಟಿಸಂ ಇದ್ದು, ಗಂಡನಿಲ್ಲದೆ ಅದನ್ನು ಒಬ್ಬಳೇ ನೋಡಿಕೊಳ್ಳುವುದು ತಾಯಿಯನ್ನು ಹೇಗೆ ಕುಗ್ಗಿಸುತ್ತದೆ ಅಂತ ಬರೆಯಬೇಕಾಗುತ್ತದೆ. ಮಗುವಿನ ನೋವು ತಾಯಿಯ ಮೂಲಕ ಹಾದು ಕಡತಕ್ಕೆ ಬರಬೇಕು. ಓದುವವರಿಗೆ ಇದು ಒರಟು ಅನಿಸಬಹುದು. ಆದರೆ ಕಾನೂನು ಇರುವುದು ಹಾಗೆ, ವರದಿ ಬರೆಯುವವರಿಗೆ ಇದು ಗೊತ್ತಿಲ್ಲದಿದ್ದರೆ ಇಡೀ ವರದಿ ತಪ್ಪು ವ್ಯಕ್ತಿಯ ಬಗ್ಗೆ ಆಗಿಬಿಡುತ್ತದೆ.

ಅಗಲಿಕೆಯ ದುಃಖ, ಹಣದ ತೊಂದರೆ, ಹೊಸ ಜಾಗಕ್ಕೆ ಹೊಂದಿಕೊಳ್ಳುವ ಕಷ್ಟ: ಇವಷ್ಟೇ ಇದ್ದರೆ ಸಾಲದು ಅನ್ನುತ್ತದೆ ಯುಎಸ್‌ಸಿಐಎಸ್. ಕುಟುಂಬ ಒಡೆದರೆ ಇದು ಎಲ್ಲರಿಗೂ ಆಗುವಂಥದ್ದೇ ಅಲ್ವಾ ಅನ್ನುವುದು ಅವರ ವಾದ. ಹಾಗಾದರೆ ಈ ಹೆಂಡತಿಯ ಕಷ್ಟ ಅದಕ್ಕಿಂತ ಹೇಗೆ ಬೇರೆ? ಮೊದಲೇ ಖಿನ್ನತೆ ಇತ್ತೇ? ಆತ್ಮಹತ್ಯೆಯ ಯೋಚನೆ ಬಂದಿತ್ತೇ? ಚಿಕ್ಕಂದಿನಲ್ಲಿ ತಂದೆ ಬಿಟ್ಟುಹೋದ ಗಾಯ ಇದೆಯೇ? ಅದಲ್ಲದೆ ಎರಡು ಚಿತ್ರ ನೋಡಬೇಕು. ಆಕೆ ಇಲ್ಲೇ ಉಳಿದು ಗಂಡ ಹೋದರೆ ಏನು? ಆಕೆಯೂ ಅವನ ಜೊತೆ ಹೊರಟರೆ ಏನು? ಅಲ್ಲಿ ಆಕೆಯ ಚಿಕಿತ್ಸೆ ಮುಂದುವರಿಯುತ್ತದೆಯೇ, ಭಾಷೆ ಬರುತ್ತದೆಯೇ, ಯಾರಿದ್ದಾರೆ? ಒಂದೊಂದು ಕಷ್ಟವೂ ಬಿಡಿಯಾಗಿ ಸಣ್ಣದಿರಬಹುದು. ಎಲ್ಲ ಒಟ್ಟು ಸೇರಿ ಏನಾಗುತ್ತದೆ ಅಂತ ಅಧಿಕಾರಿ ನೋಡಬೇಕು.

ಕೋರ್ಟಿನಲ್ಲಿ ಕೇಳುವ "ಕ್ಯಾನ್ಸಲೇಷನ್ ಆಫ್ ರಿಮೂವಲ್", ಅಂದರೆ ಗಡೀಪಾರು ರದ್ದು, ಇದಕ್ಕಿಂತ ಬಿಗಿ. ಗ್ರೀನ್ ಕಾರ್ಡ್ ಇಲ್ಲದವರು 10 ವರ್ಷದಿಂದ ಸತತವಾಗಿ ಅಮೆರಿಕದಲ್ಲಿ ಇದ್ದಿರಬೇಕು, ನಡತೆ ಚೆನ್ನಾಗಿರಬೇಕು. ಕಷ್ಟದ ಮಟ್ಟವೂ ವಿಪರೀತಕ್ಕಿಂತ ಮೇಲಿನದು, ತೀರಾ ಅಪರೂಪದ್ದು ಆಗಿರಬೇಕು. ಆದರೆ ಇಲ್ಲಿ ಮಕ್ಕಳು ಲೆಕ್ಕಕ್ಕೆ ಬರುತ್ತಾರೆ. ಅದಕ್ಕೇ ಈ ಕೇಸುಗಳಲ್ಲಿ ಎಷ್ಟೋ ಸಲ ಸೈಕಾಲಜಿಸ್ಟ್ ಎದುರು ಕೂರುವುದು ಒಂದು ಎಂಟು ವರ್ಷದ ಮಗು. ವರ್ಷಕ್ಕೆ 4,000 ಜನರಿಗೆ ಮಾತ್ರ ಈ ಪರಿಹಾರ ಸಿಗಬಹುದು.

## ಪೆಟ್ಟು ಬೀಳದ ಹಿಂಸೆ

ಇನ್ನೊಂದು ದೊಡ್ಡ ಗುಂಪು ಮನೆಯೊಳಗಿನ ಹಿಂಸೆಯದ್ದು. ಇಲ್ಲಿ ಪರೀಕ್ಷೆಗೆ ಕೂರುವವರು ಅರ್ಜಿದಾರರೇ.

1994ರಲ್ಲಿ ಬಂದ ವಾವಾ, ಅಂದರೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾನೂನಿನಡಿ, ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆದ ಗಂಡ ಅಥವಾ ಹೆಂಡತಿಯಿಂದ ಹಿಂಸೆ ಅನುಭವಿಸಿದವರು ತಾವೇ ಗ್ರೀನ್ ಕಾರ್ಡ್ ದಾರಿಯ ಅರ್ಜಿ ಹಾಕಬಹುದು. ಹೆಸರಿನಲ್ಲಿ ಮಹಿಳೆ ಅಂತಿದ್ದರೂ ಗಂಡಸರೂ ಹಾಕಬಹುದು. ಹಿಂಸೆ ಕೊಟ್ಟವರ ಸಹಿ ಬೇಡ. ಅವರಿಗೆ ಇಲಾಖೆ ಸುದ್ದಿ ಮುಟ್ಟಿಸುವಂತೆಯೂ ಇಲ್ಲ, ಆ ಗೋಪ್ಯತೆಗೆ ಕಾನೂನಿನ ರಕ್ಷಣೆ ಇದೆ.

ಕಾನೂನು ಹೊಡೆತವನ್ನು ಮಾತ್ರ ಕೇಳುವುದಿಲ್ಲ, "ವಿಪರೀತ ಕ್ರೌರ್ಯ"ವನ್ನೂ ಕೇಳುತ್ತದೆ. ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಡ್ರೈವಿಂಗ್ ಕಲಿಯಲು ಬಿಡದಿರುವುದು. ಅಮ್ಮನಿಗೆ ಫೋನ್ ಮಾಡಿದರೆ ಸ್ಪೀಕರ್‌ನಲ್ಲೇ ಮಾತಾಡು ಅನ್ನುವುದು. ದಿನಾ "ಒಂದು ಕಾಗದ ಬರೆದರೆ ಸಾಕು, ನಿನ್ನನ್ನು ವಾಪಸ್ ಕಳಿಸ್ತಾರೆ" ಅಂತ ಹೆದರಿಸುವುದು. ಇವಕ್ಕೆ ಎಕ್ಸ್-ರೇ ಇಲ್ಲ, ಪೊಲೀಸ್ ವರದಿ ಇಲ್ಲ, ಸಾಕ್ಷಿ ಹೇಳಲು ಪಕ್ಕದ ಮನೆಯವರಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ನಡೆದದ್ದರ ಗುರುತು ಉಳಿಯುವುದು ಆಕೆಯ ನಿದ್ದೆಯಲ್ಲಿ, ಹಸಿವಿನಲ್ಲಿ, ಬಾಗಿಲು ಬಡಿದರೆ ಬೆಚ್ಚುವುದರಲ್ಲಿ. ಸೈಕಾಲಜಿಸ್ಟ್ ಹುಡುಕುವುದು ಆ ಗುರುತುಗಳನ್ನು. ಈ ಅರ್ಜಿಗಳಲ್ಲಿ ನಂಬಬಹುದಾದ ಯಾವ ಸಾಕ್ಷ್ಯವನ್ನಾದರೂ ಅಧಿಕಾರಿ ಪರಿಗಣಿಸಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ಪೊಲೀಸ್ ದೂರು ಇಲ್ಲದಿದ್ದರೂ ದಾರಿ ಮುಚ್ಚಿಲ್ಲ.

ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಯಾಗಿ ಇರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಗಂಡ ಇನ್ನೂ ಎಚ್-1ಬಿಯಲ್ಲೇ ಇದ್ದರೆ ಅವನು ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಇರುವವನೂ ಅಲ್ಲ. ಆಗ ವಾವಾ ಅರ್ಜಿ ಹಾಕಲು ಬರುವುದಿಲ್ಲ. ಹಿಂಸೆಗೊಳಗಾದ ಎಚ್-4 ಸಂಗಾತಿಗಳು ಸ್ವಂತವಾಗಿ ಕೆಲಸದ ಪರವಾನಗಿ ಕೇಳಲು ಐ-765ವಿ ಅನ್ನುವ ಫಾರ್ಮ್ ಇದೆ. ಅದು ಕೆಲಸಕ್ಕೆ ಮಾತ್ರ, ಗ್ರೀನ್ ಕಾರ್ಡ್‌ಗೆ ದಾರಿಯಲ್ಲ. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ಸಹಕರಿಸಿದ್ದರೆ, ಅಪರಾಧಕ್ಕೆ ಬಲಿಯಾದವರಿಗೆ ಇರುವ ಯು ವೀಸಾ ಇನ್ನೊಂದು ದಾರಿ. ಅದನ್ನು 2000ದಲ್ಲಿ ತಂದರು. ಅದರಲ್ಲಿ ಪೊಲೀಸ್ ಅಥವಾ ಪ್ರಾಸಿಕ್ಯೂಟರ್ ಸಹಿ ಮಾಡಿದ ಪ್ರಮಾಣಪತ್ರ ಬೇಕು, "ಗಣನೀಯ ದೈಹಿಕ ಅಥವಾ ಮಾನಸಿಕ" ಹಾನಿಯಾಗಿದೆ ಅಂತಲೂ ತೋರಿಸಬೇಕು. ಆ "ಮಾನಸಿಕ" ಅನ್ನುವ ಒಂದು ಮಾತಿಗಾಗಿಯೇ ವರದಿ. ವರ್ಷಕ್ಕೆ 10,000 ಮುಖ್ಯ ಅರ್ಜಿದಾರರಿಗೆ ಮಾತ್ರ ಈ ವೀಸಾ ಇರುವುದರಿಂದ ಸರದಿ ಬಹಳ ಉದ್ದ. ಮಾನವ ಸಾಗಣೆಗೆ ಸಿಕ್ಕವರಿಗೆ ಇರುವ ಟಿ ವೀಸಾದಲ್ಲೂ ಇಂಥ ವರದಿ ಬಳಸುತ್ತಾರೆ.

## ತಾರೀಕು ತಪ್ಪಿದರೆ ಸುಳ್ಳಾ?

ಅಸೈಲಂ, ಅಂದರೆ ತಮ್ಮ ದೇಶದಲ್ಲಿ ಕಿರುಕುಳದ ಭಯದಿಂದ ಆಶ್ರಯ ಕೇಳುವ ಕೇಸು. ಇಲ್ಲಿ ಕೇಸು ನಿಲ್ಲುವುದೂ ಬೀಳುವುದೂ ನಂಬಿಕೆಯ ಮೇಲೆ. 2005ರ ರಿಯಲ್ ಐಡಿ ಕಾನೂನಿನ ಪ್ರಕಾರ, ಹೇಳಿಕೆಯಲ್ಲಿನ ವ್ಯತ್ಯಾಸ ಮುಖ್ಯ ವಿಷಯದ್ದೇ ಆಗಬೇಕಿಲ್ಲ, ಸಣ್ಣಪುಟ್ಟದ್ದನ್ನೂ ಜಡ್ಜ್ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಆದರೆ ಭಯಾನಕವಾದದ್ದನ್ನು ಅನುಭವಿಸಿದವರ ನೆನಪು ಸಾಲಾಗಿ ಇರುವುದಿಲ್ಲ. ಕೋಣೆಯ ಗೋಡೆಯ ಬಣ್ಣ, ಬೂಟಿನ ಸದ್ದು ಚೆನ್ನಾಗಿ ನೆನಪಿರುತ್ತದೆ. ತಿಂಗಳು ಯಾವುದು, ಎಷ್ಟು ದಿನ ಹಿಡಿದಿಟ್ಟಿದ್ದರು ಅಂದರೆ ತಡವರಿಸುತ್ತಾರೆ. ಅತಿ ಘೋರವಾದದ್ದನ್ನು ಹೇಳುವಾಗ ಮುಖದಲ್ಲಿ ಭಾವವೇ ಇರುವುದಿಲ್ಲ, ಯಾರದೋ ಕತೆ ಹೇಳುವ ಹಾಗೆ. ಗೊತ್ತಿಲ್ಲದವರಿಗೆ ಇದು ಕಟ್ಟುಕತೆ ಅನಿಸುತ್ತದೆ. ಇದು ಆಘಾತದ ಲಕ್ಷಣವೂ ಆಗಿರಬಹುದು ಅಂತ ವಿವರಿಸುವುದು ವರದಿಯ ಕೆಲಸ. "ಇವರು ನಿಜ ಹೇಳುತ್ತಿದ್ದಾರೆ" ಅಂತ ತೀರ್ಪು ಕೊಡುವುದು ಅದರ ಕೆಲಸವಲ್ಲ.

ಈ ಗೆರೆ ಎಲ್ಲಿದೆ ಅಂತ ತೋರಿಸುವ ಒಂದು ಅಂತಾರಾಷ್ಟ್ರೀಯ ಕೈಪಿಡಿ ಇದೆ. ಹೆಸರು ಇಸ್ತಾಂಬುಲ್ ಪ್ರೋಟೋಕಾಲ್. 1999ರಲ್ಲಿ ಸಿದ್ಧವಾಯಿತು, 2022ರಲ್ಲಿ ಪರಿಷ್ಕರಿಸಿದರು. ಹೇಳಿದ ಹಿಂಸೆಗೂ ಕಂಡ ಲಕ್ಷಣಕ್ಕೂ ಎಷ್ಟು ಹೊಂದುತ್ತದೆ ಅಂತ ಹೇಳಲು ಅದು ಮೆಟ್ಟಿಲುಗಳನ್ನು ಕೊಡುತ್ತದೆ. ಕೆಳಗಿನ ಮೆಟ್ಟಿಲು, ಹೊಂದುವುದೇ ಇಲ್ಲ. ಆಮೇಲೆ ಹೊಂದುತ್ತದೆ, ಆದರೆ ಬೇರೆ ಕಾರಣವೂ ಇರಬಹುದು. ಹೀಗೆ ಮೇಲೇರುತ್ತಾ, ಇದಕ್ಕೆ ಬೇರೆ ಕಾರಣ ಇರಲು ಸಾಧ್ಯವೇ ಇಲ್ಲ ಅನ್ನುವವರೆಗೆ. ಮನಸ್ಸಿನ ವಿಷಯದಲ್ಲಿ ಆ ಕೊನೆಯ ಮೆಟ್ಟಿಲಿಗೆ ಹತ್ತುವುದು ಕಷ್ಟ. ಒಳ್ಳೆಯ ತಜ್ಞರು ನಡುವಿನಲ್ಲೇ ನಿಲ್ಲುತ್ತಾರೆ.

ಅಸೈಲಂನಲ್ಲಿ ವರದಿಗೆ ಇನ್ನೊಂದು ಉಪಯೋಗ ಇದೆ. ಅಮೆರಿಕಕ್ಕೆ ಬಂದು ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ಹಳೆಯ ಹಿಂಸೆಯ ಪರಿಣಾಮವಾಗಿ ಮಾನಸಿಕವಾಗಿ ಕುಸಿದಿದ್ದರಿಂದ ತಡವಾಯಿತು ಅಂತ ತೋರಿಸಿದರೆ ಆ ಗಡುವಿಗೆ ವಿನಾಯಿತಿ ಸಿಗಬಹುದು. ನಡೆದದ್ದನ್ನು ಬಾಯಿಬಿಟ್ಟು ಹೇಳಲಾಗದ ಸ್ಥಿತಿಯೇ ಅರ್ಜಿ ಹಾಕದಿರಲು ಕಾರಣ ಆಗಿರುತ್ತದೆ ಎಷ್ಟೋ ಸಲ.

## ವಯಸ್ಸಾದ ಅಪ್ಪ ಅಮ್ಮನ ಪೌರತ್ವ

ಪೌರತ್ವದ ಪರೀಕ್ಷೆಗೆ ಇಂಗ್ಲಿಷ್ ಬರಬೇಕು, ಅಮೆರಿಕದ ಇತಿಹಾಸ ಮತ್ತು ಆಡಳಿತದ ಪ್ರಶ್ನೆಗಳಿಗೆ ಉತ್ತರಿಸಬೇಕು. ಮರೆವಿನ ಕಾಯಿಲೆ, ತೀವ್ರ ಖಿನ್ನತೆ, ಪಾರ್ಶ್ವವಾಯುವಿನ ನಂತರದ ತೊಂದರೆ ಇದ್ದವರಿಗೆ ಹೊಸದನ್ನು ಕಲಿಯಲು ಆಗದೇ ಇರಬಹುದು. ಅಂಥವರು ಈ ಪರೀಕ್ಷೆಯಿಂದ ವಿನಾಯಿತಿ ಕೇಳಲು ಎನ್-648 ಅನ್ನುವ ಫಾರ್ಮ್ ಇದೆ. ಇದಕ್ಕೆ ಸಹಿ ಹಾಕಲು ಅಧಿಕಾರ ಇರುವುದು ಅಮೆರಿಕದಲ್ಲಿ ಲೈಸೆನ್ಸ್ ಇರುವ ವೈದ್ಯರಿಗೆ, ಆಸ್ಟಿಯೋಪಥಿ ವೈದ್ಯರಿಗೆ ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಮಾತ್ರ. ಕೌನ್ಸೆಲರ್, ಸೋಶಿಯಲ್ ವರ್ಕರ್ ಸಹಿ ನಡೆಯುವುದಿಲ್ಲ. ತೊಂದರೆ ಕನಿಷ್ಠ 12 ತಿಂಗಳು ಇದ್ದಿರಬೇಕು ಅಥವಾ ಇರುವಂಥದ್ದಾಗಿರಬೇಕು.

"ಅಮ್ಮನಿಗೆ ವಯಸ್ಸಾಗಿದೆ, ಓದು ಬರಹ ಬರುವುದಿಲ್ಲ" ಅಂದರೆ ಈ ಫಾರ್ಮ್‌ಗೆ ಅದು ಕಾರಣ ಆಗುವುದಿಲ್ಲ. ಯಾವ ಕಾಯಿಲೆ, ಅದು ಕಲಿಯುವುದನ್ನು ಹೇಗೆ ತಡೆಯುತ್ತದೆ ಅಂತ ಕೊಂಡಿ ಹಾಕಿ ಬರೆಯಬೇಕು. ಫಾರ್ಮ್ ತಿರಸ್ಕಾರವಾಗುವುದು ಹೆಚ್ಚಾಗಿ ಆ ಕೊಂಡಿ ಇಲ್ಲದೆಯೇ. ಹಾಗೆ ನೋಡಿದರೆ 50 ದಾಟಿ 20 ವರ್ಷ ಗ್ರೀನ್ ಕಾರ್ಡ್ ಇದ್ದವರಿಗೆ, 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್‌ನಿಂದ ಮೊದಲೇ ವಿನಾಯಿತಿ ಇದೆ. ಇತಿಹಾಸದ ಪ್ರಶ್ನೆಗಳಿಗೆ ಅವರು ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಎಷ್ಟೋ ಮನೆಗಳಿಗೆ ಡಾಕ್ಟರ್ ಬೇಕಾಗುವುದೇ ಇಲ್ಲ.

ಕೋರ್ಟಿನಲ್ಲಿ ಇನ್ನೊಂದು ಸಂದರ್ಭ ಇದೆ. ವ್ಯಕ್ತಿಗೆ ತನ್ನ ಮೇಲೆ ಏನು ಕೇಸು ನಡೆಯುತ್ತಿದೆ ಅಂತಲೇ ತಿಳಿಯುವ ಸ್ಥಿತಿ ಇಲ್ಲದಿದ್ದರೆ? 2011ರ ಒಂದು ತೀರ್ಪಿನಲ್ಲಿ ಇಮಿಗ್ರೇಷನ್ ಮೇಲ್ಮನವಿ ಮಂಡಳಿ ಇದಕ್ಕೆ ಕ್ರಮ ಹಾಕಿಕೊಟ್ಟಿತು. ಅನುಮಾನ ಬಂದರೆ ಜಡ್ಜ್ ವಿಚಾರಿಸಬೇಕು, ರಕ್ಷಣೆಯ ಏರ್ಪಾಡು ಮಾಡಬೇಕು. ಆಗಲೂ ವರದಿ ಕೆಲಸಕ್ಕೆ ಬರುತ್ತದೆ.

## ಕೋಣೆಯೊಳಗೆ ಏನು ನಡೆಯುತ್ತದೆ

ಮೊದಲು ಒಪ್ಪಿಗೆ. ಇದು ಚಿಕಿತ್ಸೆ ಅಲ್ಲ, ಹೇಳಿದ್ದು ವರದಿಗೆ ಹೋಗುತ್ತದೆ, ಯಾವ ಪ್ರಶ್ನೆಗಾದರೂ ಬೇಡ ಅನ್ನಬಹುದು, ನಡುವೆ ಎದ್ದು ವಿರಾಮ ತೆಗೆದುಕೊಳ್ಳಬಹುದು ಅಂತ ತಿಳಿಸುತ್ತಾರೆ. ಆಮೇಲೆ ಮಾತು. ಎರಡು ಮೂರು ಗಂಟೆ ಹಿಡಿಯಬಹುದು, ಹಲವು ಭೇಟಿ ಆಗಬಹುದು. ಬಾಲ್ಯ, ಓದು, ಮದುವೆ, ಕೆಲಸ, ಆರೋಗ್ಯ ಎಲ್ಲ ಕೇಳುತ್ತಾರೆ. "ನನ್ನ ಕೇಸಿಗೂ ಬಾಲ್ಯಕ್ಕೂ ಏನು ಸಂಬಂಧ" ಅನಿಸುತ್ತದೆ. ಸಂಬಂಧ ಇದೆ. ಹಿಂದೆ ಹೇಗಿದ್ದರು ಅಂತ ಗೊತ್ತಿಲ್ಲದೆ ಈಗ ಏನು ಬದಲಾಗಿದೆ ಅಂತ ಹೇಳಲು ಬರುವುದಿಲ್ಲ.

ಪ್ರಶ್ನೆಗಳು ತೀರಾ ಸಣ್ಣ ವಿವರದವು. "ಬೇಜಾರಾಗುತ್ತಾ?" ಅಂತ ಕೇಳಿ ಬಿಡುವುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ಎದ್ದ ಮೇಲೆ ಏನು ಮಾಡುತ್ತೀರಿ? ಬಾಗಿಲ ಚಿಲಕ ಎಷ್ಟು ಸಲ ನೋಡುತ್ತೀರಿ? ಕೊನೆಯ ಸಲ ಮನಸಾರೆ ಊಟ ಮಾಡಿದ್ದು ಯಾವಾಗ? ಎಷ್ಟೋ ಜನ ಮನಸ್ಸಿನ ನೋವನ್ನು ಮೈಯ ನೋವಾಗಿಯೇ ಹೇಳುತ್ತಾರೆ: ತಲೆನೋವು, ಎದೆ ಭಾರ, ಹೊಟ್ಟೆಯಲ್ಲಿ ಸಂಕಟ. ಅನುಭವ ಇರುವ ತಜ್ಞರು ಅದನ್ನು ತಳ್ಳಿಹಾಕುವುದಿಲ್ಲ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಾದ ಡಿಎಸ್‌ಎಂನಲ್ಲೇ ರೋಗಿಯ ಸಂಸ್ಕೃತಿಯ ಕಣ್ಣಿನಿಂದ ಕಷ್ಟವನ್ನು ಕೇಳಲು 16 ಪ್ರಶ್ನೆಗಳ ಒಂದು ಸಂದರ್ಶನ ಇದೆ.

ಪ್ರಶ್ನಾವಳಿಗಳಲ್ಲಿ ಕೆಲವು ತುಂಬಾ ಬಳಕೆಯಲ್ಲಿವೆ. ಖಿನ್ನತೆಗೆ ಪಿಎಚ್‌ಕ್ಯೂ-9: ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಗರಿಷ್ಠ 27 ಅಂಕ. ಆತಂಕಕ್ಕೆ ಜಿಎಡಿ-7. ಆಘಾತದ ನಂತರದ ಒತ್ತಡಕ್ಕೆ, ಅಂದರೆ ಪಿಟಿಎಸ್‌ಡಿಗೆ, ಪಿಸಿಎಲ್-5: ಕಳೆದ ಒಂದು ತಿಂಗಳ ಬಗ್ಗೆ 20 ಪ್ರಶ್ನೆ, ಗರಿಷ್ಠ 80. ಅಂಕ ಜಾಸ್ತಿ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಪಿಟಿಎಸ್‌ಡಿ ಅನ್ನಬೇಕಾದರೆ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಇರಬೇಕು. ಘಟನೆ ಮತ್ತೆ ಮತ್ತೆ ನುಗ್ಗಿ ಬರುವುದು, ಅದನ್ನು ನೆನಪಿಸುವುದರಿಂದ ದೂರ ಓಡುವುದು, ಯೋಚನೆ ಮತ್ತು ಭಾವ ಕಂದುವುದು, ಸದಾ ಮೈಯೆಲ್ಲ ಕಿವಿಯಾಗಿರುವುದು: ಈ ನಾಲ್ಕೂ ಬಗೆ ಕಾಣಬೇಕು.

ಹಾಗಾದರೆ ಸ್ವಲ್ಪ ಜಾಸ್ತಿ ಮಾಡಿ ಹೇಳಿದರೆ? ಈ ಯೋಚನೆ ಎಲ್ಲರಿಗೂ ಬರುತ್ತದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಉತ್ಪ್ರೇಕ್ಷೆ ಹಿಡಿಯಲೆಂದೇ ಕಟ್ಟಿದ ಪರೀಕ್ಷೆಗಳಿವೆ. ಎಲ್ಲ ಲಕ್ಷಣಕ್ಕೂ "ಹೌದು, ಯಾವಾಗಲೂ" ಅನ್ನುವ ಉತ್ತರವೇ ಅನುಮಾನಕ್ಕೆ ದಾರಿ. ನಿಜವಾಗಿ ನೊಂದವರ ಚಿತ್ರ ಏರುಪೇರಾಗಿ ಇರುತ್ತದೆ. ನಿದ್ದೆ ಹಾಳಾಗಿರುತ್ತದೆ, ಆದರೆ ಕೆಲಸಕ್ಕೆ ಹೋಗುತ್ತಿರುತ್ತಾರೆ. ಮಕ್ಕಳ ಜೊತೆ ನಗುತ್ತಾರೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. "ಇಲ್ಲ, ಅದು ನನಗಿಲ್ಲ" ಅನ್ನುವ ಉತ್ತರಗಳು ಕೇಸನ್ನು ಕೆಡಿಸುವುದಕ್ಕಿಂತ ಗಟ್ಟಿ ಮಾಡುವುದೇ ಜಾಸ್ತಿ.

ಇಂಗ್ಲಿಷ್ ಸಲೀಸಾಗಿ ಬಾರದಿದ್ದರೆ ಇಂಟರ್‌ಪ್ರಿಟರ್ ಬೇಕು. ಮನೆಯವರನ್ನು ಕೂರಿಸಬಾರದು. ನಾದಿನಿ ಪಕ್ಕದಲ್ಲಿದ್ದರೆ ಗಂಡನ ಬಗ್ಗೆ ಏನು ಹೇಳಲಾಗುತ್ತದೆ? ಮಗಳು ಅನುವಾದಿಸುತ್ತಿದ್ದರೆ ಅಮ್ಮ ಮುಖ್ಯವಾದದ್ದನ್ನೇ ನುಂಗಿಕೊಳ್ಳುತ್ತಾಳೆ. ಊರಿನ ಬಳಗ ಸಣ್ಣದಿರುವ ಕಡೆ ಪರಿಚಯದ ಇಂಟರ್‌ಪ್ರಿಟರ್ ಕೂಡ ತೊಂದರೆಯೇ. ಬೇರೆ ಊರಿನವರು ಫೋನಿನಲ್ಲಿ ಮಾಡುವುದು ಎಷ್ಟೋ ವಾಸಿ.

## ಒಂದು ಪ್ಯಾರಾ, ಹತ್ತಿರದಿಂದ

ಮೇಲಿನ ಗಂಡ ಹೆಂಡತಿಯ ಕಾಲ್ಪನಿಕ ಕೇಸಿಗೇ ಬರೋಣ. ಒಂದು ವರದಿ ಹೀಗಿದೆ ಅಂದುಕೊಳ್ಳಿ:

"ಇವರು ತೀವ್ರ ಖಿನ್ನತೆಯಿಂದ ಬಳಲುತ್ತಿದ್ದಾರೆ. ಪತಿ ದೂರವಾದರೆ ತುಂಬಾ ಕಷ್ಟವಾಗುತ್ತದೆ. ದಯವಿಟ್ಟು ಅರ್ಜಿ ಮಂಜೂರು ಮಾಡಿ."

ಇನ್ನೊಂದು ಹೀಗೆ:

"ತಾಯಿ ತೀರಿಕೊಂಡಾಗ ಇವರಿಗೆ ಮೊದಲ ಬಾರಿ ಖಿನ್ನತೆ ಬಂದಿತ್ತು. ಆಗಿನ ವೈದ್ಯರ ದಾಖಲೆ ಓದಿದ್ದೇನೆ. ಎಂಟು ತಿಂಗಳು ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡರು. ಆ ಅವಧಿಯಲ್ಲಿ ಮಾತ್ರೆ ಕೊಟ್ಟು, ಊಟ ಮಾಡಿಸಿ, ಕೆಲಸಕ್ಕೆ ಕರೆದೊಯ್ದವರು ಪತಿ. ಅರ್ಜಿಯ ಸುದ್ದಿ ಬಂದ ಮೇಲೆ ನಿದ್ದೆ ಮೂರು ಗಂಟೆಗೆ ಇಳಿದಿದೆ. ಪಿಎಚ್‌ಕ್ಯೂ-9 ಅಂಕ 19, ಸಾಧಾರಣಕ್ಕಿಂತ ತೀವ್ರ ಮಟ್ಟದ್ದು. ಕೆಲಸದಲ್ಲಿ ಎರಡು ಸಲ ಎಚ್ಚರಿಕೆ ಪತ್ರ ಬಂದಿದೆ. ಆತ್ಮಹತ್ಯೆಯ ಯೋಜನೆ ಇಲ್ಲ. ಹಿಂದಿನ ಇತಿಹಾಸ ನೋಡಿದರೆ, ಆಸರೆ ತಪ್ಪಿದಾಗ ಖಿನ್ನತೆ ಮರುಕಳಿಸುವ ಅಪಾಯ ಸಾಮಾನ್ಯಕ್ಕಿಂತ ಹೆಚ್ಚು."

ಎರಡನೆಯದರಲ್ಲಿ ಬೇಡಿಕೆಯೇ ಇಲ್ಲ. ಆದರೆ ಅಧಿಕಾರಿಗೆ ಬೇಕಾದದ್ದೆಲ್ಲ ಇದೆ: ಹಿಂದೆ ಏನಾಗಿತ್ತು, ಈಗ ಏನಾಗಿದೆ, ಇದಕ್ಕೂ ಗಂಡ ಇರುವುದಕ್ಕೂ ಏನು ಸಂಬಂಧ, ಮುಂದೆ ಏನಾಗಬಹುದು. "ಆತ್ಮಹತ್ಯೆಯ ಯೋಜನೆ ಇಲ್ಲ" ಅನ್ನುವ ಸಾಲು ನೋಡಿ. ಕೇಸಿಗೆ ಅನುಕೂಲವಲ್ಲದ್ದನ್ನೂ ಬರೆದಿದ್ದಾರೆ ಅನ್ನುವ ಕಾರಣಕ್ಕೇ ಉಳಿದದ್ದನ್ನು ನಂಬಲು ಮನಸ್ಸಾಗುತ್ತದೆ.

## ಇದು ತಿರುಗುಬಾಣ ಆಗಬಹುದಾ?

ಖಿನ್ನತೆ ಇದೆ, ಪಿಟಿಎಸ್‌ಡಿ ಇದೆ ಅಂದ ಮಾತ್ರಕ್ಕೆ ಗ್ರೀನ್ ಕಾರ್ಡ್ ತಿರಸ್ಕಾರವಾಗುವುದಿಲ್ಲ. ಕಾನೂನು ತಡೆಯುವುದು ಕಾಯಿಲೆಯ ಜೊತೆಗೆ ತನಗೋ ಇತರರಿಗೋ ಅಪಾಯ ತರುವ ನಡವಳಿಕೆ ಇದ್ದಾಗ, ಅಥವಾ ಮಾದಕ ವಸ್ತುವಿನ ಚಟ ಇದ್ದಾಗ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು, ಡ್ರಗ್ಸ್ ಬಳಸಿದ್ದು, ಆತ್ಮಹತ್ಯೆಗೆ ಯತ್ನಿಸಿದ್ದು ಇವುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಮುಚ್ಚಿಡಬೇಕು ಅಂತಲ್ಲ. ಮೊದಲು ಲಾಯರ್‌ಗೆ ಹೇಳಬೇಕು, ಆಮೇಲೆ ಇವ್ಯಾಲ್ಯುಯೇಷನ್‌ಗೆ ಹೋಗಬೇಕು. ಲಾಯರ್ ಮೂಲಕವೇ ಏರ್ಪಾಡು ಮಾಡಿಸುವುದರ ಲಾಭ ಇದೇ. ವರದಿ ಮೊದಲು ಅವರ ಕೈಗೆ ಹೋಗುತ್ತದೆ, ಸಲ್ಲಿಸುವುದೋ ಬಿಡುವುದೋ ಅವರ ಜೊತೆ ಕೂತು ತೀರ್ಮಾನಿಸಬಹುದು.

ಗೋಪ್ಯತೆಗೂ ಒಂದು ಮಿತಿ ಇದೆ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವ ಅನುಮಾನ ಬಂದರೆ ತಜ್ಞರು ವರದಿ ಮಾಡಲೇಬೇಕು. ಪ್ರಾಣಕ್ಕೆ ಅಪಾಯ ಅನಿಸಿದರೆ ಅವರು ಸುಮ್ನೆ ಕೂರುವಂತಿಲ್ಲ. ಕೇಸಿನ ದಾರಿ ಕಾಯದೆ ಮಾತಾಡಬೇಕು ಅನಿಸುವಷ್ಟು ಮನಸ್ಸು ಕುಸಿದಿದ್ದರೆ ಅಮೆರಿಕದಲ್ಲಿ 988 ಅನ್ನುವ ಆತ್ಮಹತ್ಯೆ ತಡೆ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ವೀಸಾ ಸ್ಥಿತಿ ಏನೇ ಇದ್ದರೂ ಅಡ್ಡಿಯಿಲ್ಲ.

## ಯಾರ ಹತ್ತಿರ ಮಾಡಿಸುವುದು

ನೀವಿರುವ ರಾಜ್ಯದಲ್ಲಿ ಕೆಲಸ ಮಾಡಲು ಲೈಸೆನ್ಸ್ ಇರಬೇಕು. ವಿಡಿಯೋ ಮೂಲಕ ಮಾಡಿದರೂ ಇದೇ ಲೆಕ್ಕ. ಎನ್-648 ಬಿಟ್ಟರೆ ಬೇರೆ ಕೇಸುಗಳಲ್ಲಿ ಲೈಸೆನ್ಸ್ ಇರುವ ಕ್ಲಿನಿಕಲ್ ಸೋಶಿಯಲ್ ವರ್ಕರ್‌ಗಳೂ ಕೌನ್ಸೆಲರ್‌ಗಳೂ ವರದಿ ಬರೆಯುತ್ತಾರೆ. ಲೈಸೆನ್ಸ್‌ಗಿಂತ ಮುಖ್ಯವಾಗಿ ಕೇಳಬೇಕಾದದ್ದು: ನನ್ನ ಬಗೆಯ ಕೇಸು ಮೊದಲು ಮಾಡಿದ್ದೀರಾ? ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾದರೆ ಬರುತ್ತೀರಾ? "ಗ್ಯಾರಂಟಿ ಆಗುತ್ತೆ" ಅನ್ನುವವರಿಂದ ದೂರ ಇರುವುದು ಒಳ್ಳೆಯದು. ಹೆಸರು ಮಾತ್ರ ಬದಲಿಸಿ ಒಂದೇ ವರದಿಯನ್ನು ಹತ್ತು ಜನರಿಗೆ ಕೊಡುವವರಿಂದ ಇನ್ನೂ ದೂರ. ಕಡತಗಳನ್ನೇ ದಿನವಿಡೀ ಓದುವ ಅಧಿಕಾರಿಗೆ ಅವೇ ಸಾಲುಗಳು ಮತ್ತೆ ಕಂಡರೆ ಗುರುತು ಹತ್ತದೇ ಇರುತ್ತದೆಯೇ?

ಖರ್ಚು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು, ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ಚಿಕಿತ್ಸೆಗಲ್ಲದೆ ಕೇಸಿಗಾಗಿ ಮಾಡಿಸುವುದರಿಂದ ವಿಮೆ ಬಹುಮಟ್ಟಿಗೆ ಕೊಡುವುದಿಲ್ಲ. ಅಸೈಲಂ ಕೇಳುವವರಿಗೆ ಉಚಿತವಾಗಿ ಮಾಡುವ ತಜ್ಞರ ಜಾಲವನ್ನು ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಸಂಸ್ಥೆ ನಡೆಸುತ್ತದೆ. ಕೆಲವು ಮೆಡಿಕಲ್ ಕಾಲೇಜುಗಳಲ್ಲೂ ಇಂಥ ಕ್ಲಿನಿಕ್‌ಗಳಿವೆ. ಎರಡಕ್ಕೂ ಸಾಮಾನ್ಯವಾಗಿ ಲಾಯರ್ ಮೂಲಕವೇ ಹೋಗಬೇಕು.

## ಸಲ್ಲಿಸಿದ ಮೇಲೆ

ವರದಿಗೆ ಎಷ್ಟು ತೂಕ ಕೊಡಬೇಕು ಅನ್ನುವುದು ಓದುವವರಿಗೆ ಬಿಟ್ಟದ್ದು. ಒಂದೇ ಒಂದು ಭೇಟಿಯ ಮೇಲೆ ನಿಂತಿದೆ, ಹಳೆಯ ಚಿಕಿತ್ಸೆಯ ದಾಖಲೆ ಇಲ್ಲ, ವರದಿಯಲ್ಲೇ "ಥೆರಪಿ ತೆಗೆದುಕೊಳ್ಳಿ" ಅಂದಿದ್ದರೂ ಆಮೇಲೆ ಹೋಗಿಲ್ಲ ಅಂತಾದರೆ ತೂಕ ಇಳಿಯಬಹುದು. ಅರ್ಜಿದಾರರ ಸ್ವಂತ ಹೇಳಿಕೆಗೂ ವರದಿಗೂ ತಾಳೆಯಾಗದಿದ್ದರೆ ಅದಕ್ಕಿಂತ ದೊಡ್ಡ ತೊಂದರೆ. ಹೇಳಿಕೆಯಲ್ಲಿ 2018 ಅಂತಿದ್ದು ವರದಿಯಲ್ಲಿ 2019 ಆಗಿದ್ದರೆ ಸರ್ಕಾರದ ಲಾಯರ್ ಮೊದಲು ಹಿಡಿಯುವುದು ಅದನ್ನೇ. ಹಾಗಾಗಿ ಸಹಿ ಬೀಳುವ ಮೊದಲು ತಾರೀಕು, ಹೆಸರು, ಊರುಗಳನ್ನು ಒಂದೊಂದಾಗಿ ಕೂತು ನೋಡಬೇಕು. ತಜ್ಞರ ಅಭಿಪ್ರಾಯವನ್ನು ತಿದ್ದಿಸುವಂತಿಲ್ಲ, ತಪ್ಪಾದ ತಾರೀಕನ್ನು ತಿದ್ದಿಸಬಹುದು.

ಇನ್ನು ಕಾಯುವ ಆಟ. ಕೆಲವು ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. ವಿಚಾರಣೆಯ ದಿನ ಬರುವಷ್ಟರಲ್ಲಿ ವರದಿ ಹಳೆಯದಾಗಿರುತ್ತದೆ, ಮಗುವಿಗೆ ಎಂಟು ಹೋಗಿ ಹನ್ನೊಂದಾಗಿರುತ್ತದೆ. ಆಗ ಅದೇ ತಜ್ಞರ ಹತ್ತಿರ ಮತ್ತೊಮ್ಮೆ ಹೋಗಿ ಈಗಿನ ಸ್ಥಿತಿಯ ಬಗ್ಗೆ ಒಂದು ಪುರವಣಿ ವರದಿ ಬರೆಸುತ್ತಾರೆ. ಇದಕ್ಕೆ ಮೊದಲಿನಷ್ಟು ಸಮಯ ಬೇಕಾಗುವುದಿಲ್ಲ. ಆದರೆ ವಿಚಾರಣೆಯ ತಾರೀಕು ಗೊತ್ತಾದ ಕೂಡಲೇ ಸಮಯ ಕೇಳಿಟ್ಟುಕೊಳ್ಳಬೇಕು. ಸಾಕ್ಷ್ಯ ಸಲ್ಲಿಸಲು ಕೋರ್ಟ್ ಕೊಡುವ ಗಡುವು ವಿಚಾರಣೆಗಿಂತ ಮೊದಲೇ ಮುಗಿಯುತ್ತದೆ.